ಹರಾಜಿನಲ್ಲಿ ಮಾರಿದ್ದು ದಾರಿಯಲ್ಲಿ ಒಡೆದರೆ: ಸಾದಾ ಅಂಚೆ, ಟ್ರ್ಯಾಕಿಂಗ್, ವಿಮೆ

ನಾನು ಆನ್‌ಲೈನ್ ಹರಾಜಿನಲ್ಲಿ ಹಳೆಯ ಕ್ಯಾಮೆರಾ, ಲೆನ್ಸ್ ಮಾರುತ್ತೇನೆ. ಪಾರ್ಸೆಲ್ ಕಳಿಸೋಕೆ ಈ ಮೂರೂ ದಾರಿ ಬಳಸಿ ನೋಡಿದ್ದೇನೆ. ಯಾವುದು ಅಗ್ಗ ಅನ್ನೋದು ಎಲ್ಲರಿಗೂ ಗೊತ್ತು. ಪಾರ್ಸೆಲ್ ಕಳೆದರೆ, ಒಡೆದರೆ ಯಾರ ಕೈ ಸುಡುತ್ತದೆ ಅನ್ನೋದನ್ನು ಮೊದಲು ನೋಡಬೇಕು.

ಸಾದಾ ಅಂಚೆಯಲ್ಲಿ ಕಳಿಸುವ ಹಲವರು ಲಿಸ್ಟಿಂಗ್ ಕೊನೆಗೆ ‘ಅಂಚೆಗೆ ಹಾಕಿದ ಮೇಲೆ ನಾವು ಜವಾಬ್ದಾರರಲ್ಲ’ ಅಂತ ಬರೆದಿರುತ್ತಾರೆ. ಆ ಸಾಲನ್ನು ನಂಬಿಕೊಂಡು ಕೂರಬೇಡಿ. ಈಬೇ ಎಂಬ ಹರಾಜು ಸೈಟಿನಲ್ಲಿ ವಸ್ತು ಬಂದಿಲ್ಲ ಅಂತ ಕೊಂಡವರು ದೂರು ಕೊಟ್ಟರೆ, ತಲುಪಿದ್ದಕ್ಕೆ ಪುರಾವೆ ತೋರಿಸಬೇಕಾದವರು ಮಾರಿದವರೇ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರವೂ, ವ್ಯಾಪಾರಿ ತಾನೇ ಕಳಿಸಿದ ವಸ್ತು ಗ್ರಾಹಕರ ಕೈ ಸೇರುವ ತನಕ ನಷ್ಟದ ಹೊಣೆ ವ್ಯಾಪಾರಿಯದು. ಮನೆಯ ಹಳೇ ಸಾಮಾನು ಮಾರುವವರಿಗೆ ಈ ಕಾಯ್ದೆ ತಾಗುವುದಿಲ್ಲ, ಆದರೆ ಸೈಟಿನ ನಿಯಮ ಅವರನ್ನೂ ಬಿಡುವುದಿಲ್ಲ. ಹಾಗಾಗಿ ಲೆನ್ಸ್ ಮುಚ್ಚಳ, ಬೆಲ್ಟು, ಕೈಪಿಡಿ ಇಂಥವಕ್ಕೆ ಮಾತ್ರ ನಾನು ಸಾದಾ ಅಂಚೆ ಬಳಸುತ್ತೇನೆ. ಕಳೆದರೆ ಸುಮ್ನೆ ದುಡ್ಡು ವಾಪಸ್ ಕೊಟ್ಟುಬಿಡಬಹುದು.

ಟ್ರ್ಯಾಕಿಂಗ್ ಇದ್ದರೆ ‘ಬಂದಿಲ್ಲ’ ಅನ್ನೋ ಜಗಳ ಬೇಗ ಮುಗಿಯುತ್ತದೆ. ದುಬಾರಿ ವಸ್ತುವಾದರೆ ಸಹಿಯೂ ಬೇಕು. ಈಬೇ 750 ಡಾಲರ್ ಮತ್ತು ಮೇಲ್ಪಟ್ಟ ಪಾರ್ಸೆಲ್‌ಗೆ ಸಹಿಯ ಪುರಾವೆ ಕೇಳುತ್ತದೆ. ಒಮ್ಮೆ ಒಬ್ಬರು ಪಾರ್ಸೆಲ್ ಸಿಕ್ಕಿಲ್ಲ ಅಂದಾಗ ಸಹಿಯ ಪ್ರತಿ ಕಳಿಸಿದೆ. ಪಕ್ಕದ ಮನೆಯವರು ತೆಗೆದಿಟ್ಟುಕೊಂಡಿದ್ದರು, ಅಷ್ಟೇ. ಆದರೆ ಒಳಗಿರುವುದು ಒಡೆದಿದ್ದರೆ ಟ್ರ್ಯಾಕಿಂಗ್ ಯಾವ ಸಹಾಯಕ್ಕೂ ಬರುವುದಿಲ್ಲ. ಆನ್‌ಲೈನ್ ಹಣ ಪಾವತಿ ಸೇವೆ ಪೇಪಾಲ್‌ನ ಮಾರಾಟಗಾರರ ರಕ್ಷಣೆಯೂ ಒಡೆದ ವಸ್ತುವಿನ ದೂರಿಗೆ ಅನ್ವಯಿಸುವುದಿಲ್ಲ.

ವಿಮೆಯ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ‘ವಿಮೆ ಬೇಕಾದರೆ ಕೊಂಡವರು ಹೆಚ್ಚಿಗೆ ಕೊಡಲಿ’ ಅನ್ನೋದು ಸರಿಯಲ್ಲ. ಒಡೆದರೆ ರೀಫಂಡ್ ಕೊಡಬೇಕಾದವರು ನಾವು ತಾನೇ? ಹಾಗಿದ್ದರೆ ಆ ವಿಮೆ ಕಾಯುವುದು ನಮ್ಮನ್ನೇ. ನಾನು ಅದನ್ನು ಸಾಗಣೆ ಖರ್ಚಿನಲ್ಲೇ ಸೇರಿಸುತ್ತೇನೆ.

ಆದರೆ ವಿಮೆ ಮಾಡಿಸಿದ ಮಾತ್ರಕ್ಕೆ ದುಡ್ಡು ತಾನಾಗಿ ಬರುವುದಿಲ್ಲ. ಒಂದು ಲೆನ್ಸ್‌ನ ಮುಂದಿನ ಗಾಜು ದಾರಿಯಲ್ಲಿ ಬಿರುಕುಬಿಟ್ಟಿತ್ತು. ಕೊಂಡವರಿಗೆ ಅವತ್ತೇ ಹಣ ವಾಪಸ್ ಮಾಡಿದೆ, ಪೆಟ್ಟಿಗೆ ಬಿಸಾಡಬೇಡಿ ಅಂತಲೂ ಕೇಳಿಕೊಂಡೆ. ಕೊರಿಯರ್‌ನವರು ಹರಾಜಿನ ಬೆಲೆಯ ದಾಖಲೆ, ಪೆಟ್ಟಿಗೆಯ ಆರೂ ಬದಿಯ ಫೋಟೊ, ಒಳಗಿನ ಬಬಲ್ ರ್‍ಯಾಪ್‌ನ ಫೋಟೊ ಕೇಳಿದರು. ಗಾಜಿಗೂ ರಟ್ಟಿನ ಗೋಡೆಗೂ ಎಷ್ಟು ಅಂತರ ಇತ್ತು ಅನ್ನೋದೇ ಅವರ ಮುಖ್ಯ ಪ್ರಶ್ನೆ. ಟೇಪ್ ಹಾಕುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ ನನ್ನ ಹತ್ತಿರ ಇತ್ತು. ಅದರಿಂದಲೇ ಕ್ಲೇಮ್ ಪಾಸಾಯಿತು. ಪ್ಯಾಕಿಂಗ್ ಸಾಲದು ಅಂತ ಅವರಿಗೆ ಅನಿಸಿದ್ದರೆ ಕಟ್ಟಿದ ವಿಮೆಯೂ ದಂಡ.

ಒಡೆಯುವ ವಸ್ತುವಿಗೆ ಈಗ ನಾನು ಪೆಟ್ಟಿಗೆಯೊಳಗೆ ಪೆಟ್ಟಿಗೆ, ವಿಮೆ ಎರಡನ್ನೂ ಬಳಸುತ್ತೇನೆ. ಖರ್ಚು ಜಾಸ್ತಿಯಾಯಿತು, ಒಂದನ್ನು ಬಿಡಲೇಬೇಕು ಅಂದರೆ ವಿಮೆ ಬಿಡುತ್ತೇನೆ, ಎರಡನೇ ಪೆಟ್ಟಿಗೆಯನ್ನಲ್ಲ. ಹಳೆಯ ಲೆನ್ಸ್ ಒಡೆದರೆ ಕೊಂಡವರಿಗೆ ಹಣ ವಾಪಸ್ ಸಿಗಬಹುದು, ಅಂಥದ್ದೇ ಇನ್ನೊಂದು ಲೆನ್ಸ್ ಸಿಗುವುದು ಕಷ್ಟ.