ಕೊಚ್ಚಿಯಲ್ಲಿ ಒಂದೇ ರಾತ್ರಿ: ಎರ್ನಾಕುಲಂ ಕಡೆ ಉಳಿಯೋದಾ, ಫೋರ್ಟ್ ಕೊಚ್ಚಿ ಕಡೆಯಾ?

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಟ್ರೈನ್ ಹತ್ತಿದರೆ ಶನಿವಾರ ಬೆಳಿಗ್ಗೆ ಎರ್ನಾಕುಲಂ. ಭಾನುವಾರ ಸಂಜೆ ಮತ್ತೆ ಟ್ರೈನ್. ಅಂದರೆ ಊರಲ್ಲಿ ಮಲಗಲು ಸಿಗುವುದು ಒಂದೇ ರಾತ್ರಿ. ಆ ರಾತ್ರಿ ಎಲ್ಲಿ ಕಳೆಯುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ. ಕೊಚ್ಚಿ ಅಂತ ಒಂದೇ ಹೆಸರು ಹೇಳಿದರೂ ಅದು ಹಿನ್ನೀರಿನ ಎರಡು ದಡದಲ್ಲಿರುವ ಎರಡು ಊರು. ನಾನು ಎರಡು ಕಡೆಯೂ ಉಳಿದು ನೋಡಿದ್ದೇನೆ. 2023ರ ಜನವರಿಯಲ್ಲಿ ಗಂಡನ ಜೊತೆ ಎರ್ನಾಕುಲಂನಲ್ಲಿ, 2024ರ ನವೆಂಬರ್‌ನಲ್ಲಿ ಅಮ್ಮನ ಜೊತೆ ಫೋರ್ಟ್ ಕೊಚ್ಚಿಯಲ್ಲಿ.

ಎರ್ನಾಕುಲಂನಲ್ಲಿ ಎಲ್ಲವೂ ಸಲೀಸು. ಸ್ಟೇಷನ್‌ನಿಂದ ಹತ್ತು ನಿಮಿಷಕ್ಕೆ ಹೋಟೆಲ್, ಲಿಫ್ಟ್, ಎಸಿ, ಬಿಸಿನೀರು. ಮೆಟ್ರೊ ಇದೆ, ಔಷಧಿ ಅಂಗಡಿ ಇದೆ, ಎಷ್ಟು ಹೊತ್ತಿಗೆ ಹೋದರೂ ಊಟ ಸಿಗುತ್ತದೆ. ಸಂಜೆ ಮರೀನ್ ಡ್ರೈವ್‌ನಲ್ಲಿ ಓಡಾಡಿದೆವು. ಹೆಸರಲ್ಲಿ ಡ್ರೈವ್ ಇದ್ದರೂ ಅಲ್ಲಿ ಗಾಡಿ ಓಡಿಸುವ ಹಾಗಿಲ್ಲ, ನೀರಿನ ಪಕ್ಕದಲ್ಲೇ ಉದ್ದಕ್ಕೆ ನಡೆಯುವ ದಾರಿ. ಚೆನ್ನಾಗಿದೆ. ಆದರೆ ನಾವು ನೋಡಲು ಬಂದದ್ದೆಲ್ಲ ಆಚೆ ದಡದಲ್ಲಿತ್ತು.

ಆಗ ಆಚೆ ದಡದಲ್ಲಿ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ಆಗುವ ಕಲಾ ಪ್ರದರ್ಶನ, ನಡೀತಾ ಇತ್ತು. ಆಸ್ಪಿನ್‌ವಾಲ್ ಹೌಸ್‌ನಲ್ಲಿ ಚಿತ್ರ ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಊಟ ಮುಗಿಸಿ ಜೆಟ್ಟಿಗೆ ಬಂದರೆ ಕೊನೇ ಬೋಟ್ ಹೋಗಿಯಾಗಿತ್ತು. ಬೋಟಲ್ಲಿ ಇಪ್ಪತ್ತು ನಿಮಿಷದ ದಾರಿ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್, ತೋಪ್ಪುಂಪಡಿ ಸುತ್ತಿಕೊಂಡು ಹೋಗಬೇಕು. ಆಟೋದವರು ಕೇಳಿದಷ್ಟು ಕೊಟ್ಟೆವು, ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಬಿಸಿಲು ಏರಿತ್ತು. ತಿಂಡಿ ತಿಂದು, ಮತ್ತೆ ಬೋಟ್ ಹಿಡಿದು ಫೋರ್ಟ್ ಕೊಚ್ಚಿ ಮುಟ್ಟಿದಾಗ ಹತ್ತೂವರೆ. ಮೈಯೆಲ್ಲ ಬೆವರು.

ಕರಾವಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಚಳಿಗಾಲದಲ್ಲೂ ಅಲ್ಲಿ ಹನ್ನೊಂದರಿಂದ ಮೂರೂವರೆವರೆಗೆ ಹೊರಗೆ ಓಡಾಡಿದರೆ ಸುಸ್ತೋ ಸುಸ್ತು. ಹಾಗಾಗಿ ಎರಡು ದಿನದಲ್ಲಿ ನಿಜವಾಗಿ ನಮಗೆ ಸಿಗುವುದು ಬೆಳಿಗ್ಗೆ ಒಂದು ಮೂರು ತಾಸು, ಸಂಜೆ ಒಂದು ಮೂರು ತಾಸು. ಆ ಹೊತ್ತನ್ನು ಬೋಟಿನ ಕ್ಯೂನಲ್ಲಿ ಕಳೆದರೆ ಉಳಿಯುವುದೇನು?

ಇದೇ ಕಾರಣಕ್ಕೆ ಎರಡನೇ ಸಲ ಫೋರ್ಟ್ ಕೊಚ್ಚಿಯ ಒಂದು ಹೋಂಸ್ಟೇಯಲ್ಲಿ ರೂಮ್ ಹಿಡಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಟೆವು. ಐದೇ ನಿಮಿಷಕ್ಕೆ ಚೀನಾ ಬಲೆಗಳ ಮುಂದೆ ಇದ್ದೆವು. ಹಗಲಲ್ಲಿ ಆ ಜಾಗ ತುಂಬ ಜನ ಇರ್ತಾರೆ, ಬಲೆ ಸುಮ್ನೆ ಫೋಟೋಗೆ ನಿಂತ ಹಾಗೆ ಕಾಣುತ್ತದೆ. ಬೆಳಿಗ್ಗೆ ಅದು ಕೆಲಸ ಮಾಡುತ್ತಿರುತ್ತದೆ. ಮರದ ಅಟ್ಟಣೆಯ ಮೇಲೆ ನಾಲ್ಕೈದು ಜನ. ದಪ್ಪ ಹಗ್ಗಗಳಿಗೆ ಸಾಲಾಗಿ ಕಟ್ಟಿದ ಕಲ್ಲುಗಳು. ಒಬ್ಬರು ಮರದ ತೊಲೆಯ ಮೇಲೆ ನೀರಿನ ಕಡೆಗೆ ನಡೆದರು, ಅವರ ಭಾರಕ್ಕೇ ಬಲೆ ಬಾಗಿ ನೀರಲ್ಲಿ ಮುಳುಗಿತು, ಕಲ್ಲುಗಳು ಒಂದೊಂದಾಗಿ ಮೇಲೇರಿದವು. ಸ್ವಲ್ಪ ಹೊತ್ತು ಬಿಟ್ಟು ಎಲ್ಲರೂ ಸೇರಿ ಹಗ್ಗ ಎಳೆದರು. ಕಲ್ಲುಗಳು ಕೆಳಗಿಳಿದವು, ಬಲೆ ಮೇಲೆ ಬಂತು. ಅಷ್ಟು ದೊಡ್ಡ ಬಲೆಗೆ ಸಿಕ್ಕಿದ್ದು ಎರಡು ಬೊಗಸೆ ಮೀನು. ಬೆಳ್ಳಕ್ಕಿಗಳೂ ಎರಡು ಬೆಕ್ಕುಗಳೂ ಅದಕ್ಕೇ ಕಾದಿದ್ದವು. ಅಮ್ಮ ಒಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚ್ ನಡೆದೇ ಹೋಗುವಷ್ಟು ಹತ್ತಿರ. 1524ರಲ್ಲಿ ವಾಸ್ಕೋ ಡ ಗಾಮನನ್ನು ಮೊದಲು ಮಣ್ಣು ಮಾಡಿದ್ದು ಇಲ್ಲೇ, ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಮುಗಿಯುವವರೆಗೆ ಕಾಯಬೇಕು.

ವಾರಾಂತ್ಯಕ್ಕೆ ಹೋಗುವವರು ಇನ್ನೊಂದು ವಿಷಯ ನೆನಪಿಡಿ. ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಾಂಚೇರಿಯಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರ, 1568ರ ಪರದೇಶಿ ಸಿನಗಾಗ್, ಶನಿವಾರ ಮುಚ್ಚಿರುತ್ತದೆ, ಅದು ಅವರ ವಾರದ ವಿಶ್ರಾಂತಿಯ ಸಬ್ಬತ್ ದಿನ. ಮೊದಲ ಸಲ ನಾವು ನೇರ ಅಲ್ಲಿಗೇ ಹೋಗಿ ಬೀಗ ನೋಡಿಕೊಂಡು ಬಂದೆವು. ಪಕ್ಕದ ಡಚ್ ಅರಮನೆಗೆ ಶುಕ್ರವಾರ ರಜೆ. ಹಾಗಾಗಿ ಇವೆರಡನ್ನೂ ಭಾನುವಾರಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನದ ಉರಿಬಿಸಿಲಲ್ಲಿ ಅರಮನೆಯೊಳಗೆ ಹೊಕ್ಕರೆ ಜೀವ ಬಂದ ಹಾಗಾಗುತ್ತದೆ. ಗೋಡೆ ತುಂಬ ರಾಮಾಯಣದ ಚಿತ್ರಗಳಿವೆ, ನಿಧಾನವಾಗಿ ನೋಡಬಹುದು.

ಫೋರ್ಟ್ ಕೊಚ್ಚಿ ಕಡೆ ಉಳಿದದ್ದಕ್ಕೆ ಸಿಕ್ಕ ಇನ್ನೊಂದು ಖುಷಿ ಚೆರ್ಲಾಯಿ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಕೊಂಕಣಿ ಮನೆತನಗಳು ಮಟ್ಟಾಂಚೇರಿಯ ಈ ಭಾಗದಲ್ಲಿ ನೆಲೆಸಿವೆ. ಅಮ್ಮ ಕುಂದಾಪುರದವರು, ಅಕ್ಕಪಕ್ಕದ ಮನೆಯವರಿಂದ ಕೊಂಕಣಿ ಕಲಿತವರು. ಅಂಗಡಿಯಲ್ಲಿ ಇಬ್ಬರು ಹೆಂಗಸರು ಮಾತಾಡುವುದು ಕಿವಿಗೆ ಬಿದ್ದದ್ದೇ ತಡ, ನಡುವೆ ಬಾಯಿ ಹಾಕಿದರು. ಅರ್ಧ ಗಂಟೆ ಹಪ್ಪಳ, ಉಪ್ಪಿನಕಾಯಿ, ಮಕ್ಕಳ ಮದುವೆ. ನಾಲ್ಕು ತಲೆಮಾರಿನ ನೆಂಟರ ಹಾಗೆ.

ತೊಂದರೆ ಇಲ್ಲ ಅಂತಲ್ಲ. ಹೋಂಸ್ಟೇ ಹಳೇ ಮನೆ. ನಮ್ಮ ರೂಮ್ ಮಹಡಿ ಮೇಲಿತ್ತು, ಮರದ ಮೆಟ್ಟಿಲು ಕಡಿದು. ಅಮ್ಮನ ಮಂಡಿಗೆ ಆ ಹದಿನಾರು ಮೆಟ್ಟಿಲು ದೊಡ್ಡ ಕಷ್ಟವಾಯಿತು. ರಾತ್ರಿ ಕರೆಂಟ್ ಹೋದಾಗ ಫ್ಯಾನೂ ಇಲ್ಲ, ಸೊಳ್ಳೆ ಜಾಸ್ತಿ. ಒಂಬತ್ತರ ಮೇಲೆ ಬೀದಿಯೂ ಖಾಲಿ.

ದಾಟುವುದು ಮಾತ್ರ ಈಗ ಮೊದಲಿಗಿಂತ ಸುಲಭ. 2024ರ ಏಪ್ರಿಲ್‌ನಿಂದ ಎರ್ನಾಕುಲಂ ಕಡೆಯ ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೊ ಅನ್ನುವ ಹೊಸ ಬೋಟ್ ಇದೆ. ನಾವು ಹೋದಾಗ ಟಿಕೆಟ್ 40 ರೂಪಾಯಿ. ಬೋಟ್ ಎಸಿ. ಹತ್ತುವ ಜಾಗವೂ ನೀರಿನ ಜೊತೆಗೇ ಏರಿಳಿಯುತ್ತದೆ, ಹಾಗಾಗಿ ಬೋಟಿಗೂ ಅದಕ್ಕೂ ಒಂದೇ ಮಟ್ಟ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದರು. ಸರ್ಕಾರಿ ಹಳೇ ಬೋಟಿಗೆ ಕೊಟ್ಟದ್ದು ಹತ್ತು ರೂಪಾಯಿಗಿಂತ ಕಡಿಮೆ, ಆದರೆ ಅದಕ್ಕೆ ಒಂದು ಕಾಲು ಎತ್ತಿ ಜಿಗಿಯಲೇಬೇಕು. ಗಾಳಿ ಬೇಕಿದ್ದರೆ ಮಾತ್ರ ಹಳೇ ಬೋಟೇ ಸರಿ, ಕಿಟಕಿಗೆ ಗಾಜಿಲ್ಲ, ಹಿನ್ನೀರು ಮುಖಕ್ಕೇ ಬರುತ್ತದೆ. ಶನಿವಾರ, ಭಾನುವಾರ ಸಂಜೆ ವಾಟರ್ ಮೆಟ್ರೊಗೆ ಉದ್ದ ಕ್ಯೂ. ವಾಪಸ್ ಟ್ರೈನ್ ಇದ್ದರೆ ಎರಡು ಗಂಟೆ ಮೊದಲೇ ಈಚೆ ದಡಕ್ಕೆ ಬಂದುಬಿಡಿ.

ಪುಟ್ಟ ಮಗು ಇದ್ದರೆ, ರಾತ್ರಿ ತಡವಾಗಿ ಇಳಿಯುವುದಿದ್ದರೆ, ಎಸಿ ಇಲ್ಲದೆ ನಿದ್ದೆ ಬರದವರಿದ್ದರೆ ಎರ್ನಾಕುಲಂನಲ್ಲೇ ಉಳಿಯಿರಿ. ಉಳಿದವರಿಗೆಲ್ಲ ನಾನು ಹೇಳುವುದು ಫೋರ್ಟ್ ಕೊಚ್ಚಿ. ಅಮ್ಮನಿಗೆ ಮತ್ತೆ ಹೋಗಬೇಕಂತೆ. ಈ ಸಲ ನಾನು ರೂಮ್ ಬುಕ್ ಮಾಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ: ಕೆಳಗಡೆ ರೂಮ್ ಇದೆಯಾ, ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ?