ಸರ್ಟಿಫೈಡ್ ಕಾರಿನ ರಿಪೋರ್ಟಿನಲ್ಲಿ ‘ಟೈರ್ ಓಕೆ’ ಅಂತ ಇದ್ದರೆ ಅಷ್ಟಕ್ಕೇ ಬಿಡಬೇಡಿ

ಸರ್ಟಿಫೈಡ್, ಅಂದರೆ ಮಾರುವವರೇ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೊಂಡ ಕಾರಿನ ತಪಾಸಣಾ ಹಾಳೆಯಲ್ಲಿ ನಾಲ್ಕೂ ಟೈರುಗಳ ಮುಂದೆ ಹಸಿರು ಟಿಕ್ ಇತ್ತು. ಮೊದಲ ಜೋರು ಮಳೆಗೆ, ತಿರುವೊಂದರಲ್ಲಿ ಬ್ರೇಕ್ ಒತ್ತಿದ್ದೇ ತಡ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ವೇಗವೇನೂ ಹೆಚ್ಚಿರಲಿಲ್ಲ. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ ಎನ್ನುವುದಷ್ಟೇ ನಮ್ಮನ್ನು ಉಳಿಸಿದ್ದು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಟೈರ್ ಅಂಗಡಿಯಲ್ಲಿ ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ಕಾರಣ ಗೊತ್ತಾಯಿತು. ಹಿಂದಿನ ಎರಡೂ ಟೈರುಗಳು ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದವು. ಹೊರ ಅಂಚಿನ ಗೆರೆಯಲ್ಲಿ, ಆಳ ಅಳೆಯುವ ಡೆಪ್ತ್ ಗೇಜ್ ಇಟ್ಟರೆ 5 ಮಿ.ಮೀ., ನಡುವಿನಲ್ಲಿ 4. ಒಳ ಅಂಚಿನಲ್ಲಿ ಅಳೆಯಲು ಗೆರೆಯೇ ಉಳಿದಿರಲಿಲ್ಲ. ಬೆರಳಾಡಿಸಿದರೆ ಬರೀ ನುಣುಪು. ಒಂದು ಟೈರಿನಲ್ಲಂತೂ ರಬ್ಬರ್ ಪೂರ್ತಿ ಸವೆದು ಒಳಗಿನ ನೂಲಿನ ಪದರ ಇಣುಕುತ್ತಿತ್ತು. ಕಾರಿನ ಪಕ್ಕದಲ್ಲಿ ನಿಂತು ನೋಡಿದರೆ ಈ ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಚಕ್ರಗಳಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಬದಿ ನೋಡಬಹುದು, ಹಿಂದಿನದಕ್ಕೆ ಕಾರನ್ನು ಎತ್ತಬೇಕು ಇಲ್ಲವೇ ನೆಲಕ್ಕೆ ಬಗ್ಗಿ ಟಾರ್ಚ್ ಹಾಕಬೇಕು.

ಮಾರಿದವರನ್ನು ಕೇಳಿದರೆ, “ನಮ್ಮ ಮಾನದಂಡದ ಪ್ರಕಾರ ಟೈರ್ ಪಾಸಾಗಿದೆ ಮೇಡಂ. ಟೈರು ಸವೆಯುವ ವಸ್ತು, ಅದು ವಾರಂಟಿಗೆ ಬರೋದಿಲ್ಲ” ಅಂದರು. ಎಲ್ಲಿ ಅಳೆದಿರಿ ಎಂದು ಪಟ್ಟು ಹಿಡಿದು ಕೇಳಿದ ಮೇಲೆ ಹೊರಬಿದ್ದಿದ್ದು ಇಷ್ಟು: ಪ್ರತಿ ಟೈರಿಗೂ ನಡುವಿನ ಗೆರೆಯಲ್ಲಿ ಒಂದೇ ಒಂದು ಅಳತೆ. ಆ ಸಂಖ್ಯೆಯನ್ನೂ ಹಾಳೆಯಲ್ಲಿ ಬರೆದಿರಲಿಲ್ಲ, ಟಿಕ್ ಮಾತ್ರ ಹಾಕಿದ್ದರು. ಸರ್ಟಿಫಿಕೇಟಿನ ಹೆಸರಿನಲ್ಲಿ ಹೆಚ್ಚು ದುಡ್ಡು ತೆಗೆದುಕೊಳ್ಳುವವರು ಇಷ್ಟು ಹಗುರವಾಗಿ ನೋಡುವುದು ಅನ್ಯಾಯ.

‘ಪಾಸ್’ ಅಂದರೆ ಎಷ್ಟು ಎಂಬುದೇ ಇಲ್ಲಿರುವ ತಕರಾರು. ಹೊಸ ಕಾರ್ ಟೈರಿನ ಟ್ರೆಡ್, ಅಂದರೆ ಮೇಲ್ಮೈ ಗೆರೆಗಳ ಆಳ, ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹಲವು ದೇಶಗಳ ಕಾನೂನು ಇಟ್ಟಿರುವ ಕೊನೆಯ ಮಿತಿ 1.6 ಮಿ.ಮೀ. ಗೆರೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವಲ್ಲ, ಅವುಗಳ ಎತ್ತರವೂ ಅಷ್ಟೇ. ಟ್ರೆಡ್ ಸವೆದು ಆ ಉಬ್ಬಿಗೆ ಸಮವಾದರೆ ಟೈರಿನ ಆಯಸ್ಸು ಮುಗಿಯಿತು. ಆದರೆ ಮಳೆಯಲ್ಲಿ ಅಪಾಯ ಅದಕ್ಕೂ ಮೊದಲೇ ಶುರುವಾಗುತ್ತದೆ. ಚಕ್ರದಡಿಯ ನೀರನ್ನು ಹೊರಹಾಕುವುದು ಈ ಗೆರೆಗಳ ಕೆಲಸ. ಆಳ 3 ಮಿ.ಮೀ.ಗಿಂತ ಕೆಳಗಿಳಿದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಬೇಕಾಗುವ ದೂರ ಎದ್ದು ಕಾಣುವಷ್ಟು ಹೆಚ್ಚುತ್ತದೆ. ನೀರು ಹೊರಹೋಗಲು ದಾರಿ ಸಾಲದಿದ್ದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸರ್ಟಿಫೈಡ್ ಯೋಜನೆಗಳಲ್ಲಿ ಕೆಲವು ಕಾನೂನಿಗಿಂತ ಹೆಚ್ಚಿನ ಆಳ ಕೇಳುತ್ತವೆ, ಎಲ್ಲವೂ ಒಂದೇ ಅಳತೆ ಇಟ್ಟುಕೊಂಡಿರುವುದಿಲ್ಲ. ನಿಮಗೆ ಮಾರುವವರ ಕನಿಷ್ಠ ಮಿತಿ ಎಷ್ಟು ಎಂದು ನೇರವಾಗಿ ಕೇಳಿ.

ಶೇಕಡಾ ಲೆಕ್ಕವನ್ನೂ ನೆಚ್ಚಿಕೊಳ್ಳಬೇಡಿ. 8 ಮಿ.ಮೀ. ಟೈರು 4ಕ್ಕೆ ಇಳಿದಿದ್ದರೆ “50% ಇದೆ” ಅನ್ನುತ್ತಾರೆ. ಆದರೆ 1.6ರ ಕೆಳಗಿನದನ್ನು ಬಳಸುವ ಹಾಗೇ ಇಲ್ಲ. ಬಳಸಬಹುದಾದ 6.4 ಮಿ.ಮೀ.ನಲ್ಲಿ ಉಳಿದಿರುವುದು 2.4, ಅಂದರೆ 40% ಕೂಡ ಇಲ್ಲ. ಮಿಲಿಮೀಟರಿನಲ್ಲೇ ಹೇಳಿ ಅನ್ನಿ.

ನನ್ನ ಕಾರಿನ ಮುಂದಿನ ಎರಡು ಟೈರುಗಳು ಹೆಚ್ಚುಕಡಿಮೆ ಹೊಸವು, 7 ಮಿ.ಮೀ. ಇದ್ದವು. ನೋಡಿದವರಿಗೆ ಖುಷಿಯಾಗುವ ವಿಷಯವೇ. ಆದರೆ ಎರಡೇ ಹೊಸ ಟೈರು ಹಾಕುವುದಾದರೆ ಅವು ಹಿಂದಿನ ಚಕ್ರಗಳಿಗೆ ಹೋಗಬೇಕು ಎಂದು ಟೈರ್ ಕಂಪನಿಗಳೇ ಹೇಳುತ್ತವೆ, ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಫ್ರಂಟ್ ವೀಲ್ ಡ್ರೈವ್ ಕಾರಿಗೂ ಅದೇ ಮಾತು. ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಹೇಗೋ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರ ಕೈಗೆ ಅದು ಸಿಗುವುದಿಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಕಾರಾದರೆ ನಾಲ್ಕೂ ಟೈರುಗಳ ಆಳ ಹತ್ತಿರಹತ್ತಿರ ಇರಲೇಬೇಕು, ಇಲ್ಲದಿದ್ದರೆ ಆ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗೆ ಪೆಟ್ಟು.

ಟೈರಿಗಿಂತಲೂ ನನ್ನ ಸಿಟ್ಟು ಇನ್ನೊಂದಕ್ಕೆ. ಸವೆತ ಒಂದೇ ಬದಿಗೆ ಇದೆಯೆಂದರೆ ಸಾಮಾನ್ಯವಾಗಿ ಚಕ್ರದ ಅಲೈನ್‌ಮೆಂಟ್ ಕೆಟ್ಟಿದೆ, ಅಂದರೆ ಚಕ್ರ ನಿಲ್ಲುವ ಕೋನ ತಪ್ಪಿದೆ ಎಂದರ್ಥ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಅನ್ನು ಅನುಮಾನಿಸಬೇಕು. ಕಾರು ಹೇಗೆ ಓಡಿದೆ ಎಂಬ ಸಾಕ್ಷಿ ಟೈರಿನ ಮೇಲೆಯೇ ಇತ್ತು. ಇದನ್ನು ಓದಲು ಬಾರದ ತಪಾಸಣೆ ಎಂಥ ತಪಾಸಣೆ? ನನ್ನ ಕಾರಿನಲ್ಲಿ ಹಿಂದಿನ ಚಕ್ರಗಳ ಕೋನವೇ ತಪ್ಪಿತ್ತು. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿದ್ದರೆ ಅವೂ ಹೀಗೆಯೇ ಸವೆಯುತ್ತಿದ್ದವು.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಈ ಅಂಕಿ ಕೆಲವೊಮ್ಮೆ ಒಂದೇ ಬದಿಯಲ್ಲಿರುತ್ತದೆ, ಅದು ಒಳಬದಿಯೂ ಆಗಿರಬಹುದು. ಟ್ರೆಡ್ ಎಷ್ಟೇ ಇರಲಿ, 10 ವರ್ಷ ದಾಟಿದ ಟೈರನ್ನು ಬಳಸಬೇಡಿ ಎಂದು ಹಲವು ಕಂಪನಿಗಳು ಹೇಳುತ್ತವೆ. ಟೈರಿಗೆ ಕಪ್ಪು ಪಾಲಿಶ್ ಬಳಿದಿದ್ದರೆ ಒರೆಸಿ ತೋರಿಸಲು ಹೇಳಿ, ಕೂದಲೆಳೆಯಂಥ ಬಿರುಕುಗಳು ಅದರಡಿ ಅಡಗಿರಬಹುದು. ಸ್ಟೆಪ್ನಿಯನ್ನೂ ಮರೆಯಬೇಡಿ.

ಲಿಖಿತ ದೂರು, ಫೋಟೋ, ಟೈರ್ ಅಂಗಡಿಯವರ ಅಳತೆಯ ಚೀಟಿ ಎಲ್ಲವನ್ನೂ ಮುಂದಿಟ್ಟ ಮೇಲೆ ಅವರು ಎರಡು ಟೈರು ಬದಲಿಸಿಕೊಟ್ಟರು. ಅಲೈನ್‌ಮೆಂಟಿನ ಖರ್ಚು ಕೊಡಲು ಕೊನೆಯವರೆಗೂ ಒಪ್ಪಲಿಲ್ಲ. ನೀವು ಕಾರು ನೋಡಲು ಹೋದಾಗ ಅದನ್ನು ಲಿಫ್ಟ್ ಮೇಲೆ ಎತ್ತಿಸಿ, ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಅಳತೆಯನ್ನು ನಿಮ್ಮೆದುರೇ ತೆಗೆಸಿ ಹಾಳೆಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಮುಂಗಡ ಕೊಡಬೇಡಿ.