ಪೇಟೆಂಟ್ ಉಲ್ಲೇಖ: ಐಇಇಇಯೋ, ಎಪಿಎಯೋ?

ಬೆಳಗಾವಿಯಲ್ಲಿ ಕೂತು ವಿಟಿಯುಗೆ ಎಂಜಿನಿಯರಿಂಗ್ ಪ್ರಬಂಧ ಬರೆಯುತ್ತಿದ್ದೀರಾ? ಐಇಇಇ, ಎಪಿಎ ಎರಡೂ ಮೂಲಗಳನ್ನು ಉಲ್ಲೇಖಿಸುವ ಶೈಲಿಗಳು. ಗೈಡ್ ಬೇರೆ ಶೈಲಿ ಹೇಳಿಲ್ಲ ಅಂದ್ರೆ ಐಇಇಇ ಹಿಡಿಯಿರಿ. ವಾಕ್ಯದಲ್ಲಿ ಮೂಲದ ಕ್ರಮಸಂಖ್ಯೆಯನ್ನು [1] ಅಂತ ಹಾಕಿದರೆ ಸಾಕು, ಓದು ತಡೆಯುವುದಿಲ್ಲ. ಎಪಿಎಯಲ್ಲಿ (ಎಡಿಸನ್, 1880) ಎಂದು ಹೆಸರು, ವರ್ಷ ಎರಡೂ ಬೇಕು. ಯಾರು, ಯಾವಾಗ ಅನ್ನೋದೇ ಮುಖ್ಯವಾದ ಬರಹಕ್ಕೆ ಇದೇ ಚೆಂದ.

ಪ್ರಬಂಧದ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಎಪಿಎ ಪೇಟೆಂಟ್ ಕಚೇರಿಯ ಹೆಸರು ಕೇಳುತ್ತದೆ. ಐಇಇಇ ತಿಂಗಳು, ದಿನವನ್ನೂ ಕೇಳುತ್ತದೆ.

ದಿನಾಂಕ ಮಾತ್ರ ಜೋಪಾನ! ಎಡಿಸನ್ ತಮ್ಮ ವಿದ್ಯುತ್ ದೀಪಕ್ಕೆ ಅರ್ಜಿ ಹಾಕಿದ್ದು 1879ರ ನವೆಂಬರ್ 4ರಂದು. ಪೇಟೆಂಟ್ ಸಿಕ್ಕಿದ್ದು 1880ರ ಜನವರಿ 27ರಂದು, ಸಂಖ್ಯೆ 2,23,898. ಎರಡೂ ಶೈಲಿಗೆ ಬೇಕಾದ್ದು ಸಿಕ್ಕಿದ ದಿನ. ಈಗಿನ ಅಮೆರಿಕನ್ ಪೇಟೆಂಟಿನ ಮೊದಲ ಪುಟದಲ್ಲಿ ಅದು (45) ಎಂಬ ಸಂಕೇತ ಸಂಖ್ಯೆಯ ಪಕ್ಕ ಇರುತ್ತದೆ. (22)ರ ಪಕ್ಕದ್ದು ಅರ್ಜಿಯ ದಿನ.